ಅಣುಸ್ಥಾವರದ ಕಾವಲು: ಸರಕಾರಗಳು ಕಲಿಯುವ ಒಂದು ಪಾಠ

ಕಾರವಾರ ತಾಲೂಕಿನಲ್ಲಿ ಕಾಳೀನದಿಯ ದಡದ ಮೇಲೆ ಕೈಗಾ ಎಂಬ ಸ್ಥಳದಲ್ಲಿ ಅಣುಶಕ್ತಿಯಿಂದ ವಿದ್ಯುತ್ತನ್ನು ಹುಟ್ಟಿಸುವ ಸ್ಥಾವರವಿರುವುದು ನಮ್ಮ ವಾಚಕರಿಗೆ ತಿಳಿದ ವಿಷಯವೇ. ಈ ಸಂಚಿಕೆಯನ್ನು ಓದುವವರಲ್ಲಿ ಆ ಸೀಮೆಯವರೂ, ತಮ್ಮ ಹೆಣ್ಣುಮಕ್ಕಳನ್ನು ಆ ಸೀಮೆಗೆ ಕೊಟ್ಟವರೂ ಇರಬಹುದು. ಅಣುಶಕ್ತಿಯ ಮಾತು ಬಂದಾಗಲೆಲ್ಲಾ ಜನರು ಕೇಳುವ ಪ್ರಶ್ನೆಗಳು ಎರಡು. ಯಂತ್ರವು ತಾನಾಗಿ ಕೆಟ್ಟರೆ ಏನು ಗತಿ ಎಂಬುದು ಒಂದು. ಯಾರಾದರೂ ಬೇಕೆಂದೇ ಕೆಡಿಸಿದರೆ ಏನು ಗತಿ ಎಂಬುದು ಇನ್ನೊಂದು. ಮೊದಲನೆಯದನ್ನು ಕುರಿತು ಪತ್ರಿಕೆಗಳಲ್ಲಿ ಆಗಾಗ ಓದುತ್ತೇವೆ. ಎರಡನೆಯದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರವು, ಅಲ್ಲಿ ಬಂದೂಕು ಹಿಡಿದ ಕೇಂದ್ರ ಕೈಗಾರಿಕಾ ಭದ್ರತಾ ಪಡೆಯವರು ಕಾವಲಿದ್ದಾರೆ ಎಂಬುದಷ್ಟೆ. ಈ ಉತ್ತರವು ಸುಳ್ಳಲ್ಲ, ಆದರೆ ಸಾಲದು. ಕಾವಲುಗಾರರು ಎಷ್ಟು ಮಂದಿ ಇರಬೇಕು, ಗೋಡೆ ಎಷ್ಟು ದಪ್ಪವಿರಬೇಕು, ಬೇಲಿ ಎಷ್ಟು ಸುತ್ತು ಇರಬೇಕು ಎಂಬುದನ್ನು ನಿಶ್ಚಯಿಸುವುದಕ್ಕೆ ಮುಂಚೆ, ಬರುವವನು ಯಾರು ಎಂಬುದನ್ನು ನಿಶ್ಚಯಿಸಬೇಕಾಗುತ್ತದೆ.

ಮಲೆನಾಡಿನ ಅಡಿಕೆ ಬೆಳೆಗಾರನೊಬ್ಬನ ಮನೆಯನ್ನು ದೃಷ್ಟಾಂತಕ್ಕಾಗಿ ತೆಗೆದುಕೊಳ್ಳೋಣ. ಅಂಗಳದಲ್ಲಿ ಅಡಿಕೆಯನ್ನು ಹರವಿದೆ. ದನ ನುಗ್ಗೀತೆಂದು ಆತನು ಉಣಗೋಲು ಹಾಕುತ್ತಾನೆ; ಮಂಗ ಬಂದೀತೆಂದು ನಾಯಿ ಸಾಕುತ್ತಾನೆ; ಕಳ್ಳ ಬಂದಾನೆಂದು ರಾತ್ರಿಯಲ್ಲಿ ಅಡಿಕೆಯನ್ನು ಒಳಗೆ ತುಂಬಿ ಬೀಗ ಹಾಕುತ್ತಾನೆ. ಉಣಗೋಲು ಮಂಗನನ್ನು ತಡೆಯದು. ನಾಯಿಯು ಪರಿಚಯದ ಆಳನ್ನು ಕಂಡು ಬೊಗಳದು. ಬೀಗದ ಕೈ ಯಾವ ಮೊಳೆಗೆ ತೂಗಿದೆಯೆಂದು ಬಲ್ಲವನಿಗೆ ಬೀಗವು ಅಡ್ಡಿಯೇ ಅಲ್ಲ. ಆದುದರಿಂದ ಬುದ್ಧಿವಂತನಾದ ಯಜಮಾನನು ಬೇಲಿಗೆ ಹಣ ಸುರಿಯುವುದಕ್ಕೆ ಮುಂಚೆ, ತನ್ನ ಅಂಗಳಕ್ಕೆ ಬರತಕ್ಕವರು ಯಾರು ಯಾರು ಎಂದು ಎಣಿಸಿಕೊಳ್ಳುತ್ತಾನೆ.

ಅಣುಸ್ಥಾವರದ ವಿಷಯದಲ್ಲಿ ಈ ಎಣಿಕೆಯನ್ನು ಮಾಡತಕ್ಕದ್ದು ಸರಕಾರ. ಬರಬಹುದಾದ ವೈರಿಗಳ ಸಂಖ್ಯೆ, ಆಯುಧ, ಉಪಕರಣ, ವಾಹನ, ವಿದ್ಯೆ, ಉದ್ದೇಶ ಇವುಗಳನ್ನೆಲ್ಲಾ ವಿಚಾರಮಾಡಿ, ಕಾವಲು ಇಂಥಿಂಥವರನ್ನು ಎದುರಿಸುವಷ್ಟು ಬಲವಾಗಿರತಕ್ಕದ್ದೆಂದು ಸರಕಾರವು ಬರೆದಿಡುವ ಗುಪ್ತವಾದ ಬರಹಕ್ಕೆ ಇಂಗ್ಲಿಷಿನಲ್ಲಿ ಡಿಸೈನ್ ಬೇಸಿಸ್ ಥ್ರೆಟ್ ಎಂದು ಹೆಸರು. ನಾವು ಈ ಲೇಖನದಲ್ಲಿ ಅದನ್ನು ಅಪಾಯದ ಪಟ್ಟಿ ಎಂದು ಕರೆಯುವೆವು. ಸೇತುವೆಯನ್ನು ಕಟ್ಟುವ ಇಂಜಿನಿಯರನು ಹೊಳೆಗೆ ಇಷ್ಟು ಮಹಾಪೂರ ಬಂದೀತೆಂದು ಲೆಕ್ಕ ಹಿಡಿದು ಕಂಬಗಳನ್ನು ಎತ್ತರಿಸುವ ಕ್ರಮವೂ ಇಂಥದೇ. ಭೇದವೇನೆಂದರೆ, ಹೊಳೆಗೆ ಬುದ್ಧಿಯಿಲ್ಲ. ಸೇತುವೆಯ ಯಾವ ಕಲ್ಲು ಸಡಿಲವೆಂದು ಅದು ಹುಡುಕುವುದಿಲ್ಲ. ಮನುಷ್ಯನು ಹುಡುಕುತ್ತಾನೆ. ಹೊಳೆಯ ಪೂರವನ್ನು ಹಿಂದಿನ ನೂರು ವರ್ಷಗಳ ಲೆಕ್ಕದಿಂದ ಊಹಿಸಬಹುದು. ಇದುವರೆಗೆ ಯಾರೂ ಮಾಡದ ಕೆಲಸವನ್ನು ನಾಳೆ ಒಬ್ಬನು ಮಾಡಿದರೆ ಹಿಂದಿನ ಲೆಕ್ಕವು ಉಪಯೋಗಕ್ಕೆ ಬಾರದು. ಹೀಗಿರುವುದರಿಂದಲೇ ಈ ಪಟ್ಟಿಯನ್ನು ಬರೆಯುವ ಕ್ರಮವನ್ನು ಸರಕಾರಗಳಿಗೆ ಪಾಠ ಹೇಳಿ ಕಲಿಸಬೇಕಾಗಿದೆ. ಸರಕಾರಗಳೂ ಬೆಂಚಿನ ಮೇಲೆ ಕುಳಿತು ಪಾಠ ಕಲಿಯುವುವೆಂಬುದು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಸ್ವಲ್ಪ ಸಂತೋಷವನ್ನು ಕೊಡಬಹುದು!

ಈ ಶಿಕ್ಷಣದ ಚರಿತ್ರೆಯು ದೀರ್ಘವಾದುದಲ್ಲ. ವಿಯೆನ್ನಾ ಪಟ್ಟಣದಲ್ಲಿರುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯು ಸ್ಥಾವರಗಳ ಕಾವಲನ್ನು ಕುರಿತ ತನ್ನ ಸಲಹೆಗಳನ್ನು ೧೯೭೫ರಲ್ಲಿ ಒಂದು ಪತ್ರರೂಪವಾಗಿ ಪ್ರಕಟಿಸಿತು. ೨೦೧೧ರಲ್ಲಿ ಅದರ ಐದನೆಯ ಪರಿಷ್ಕರಣವು ಹೊರಬಂದಿತು. ೧೯೮೦ನೆಯ ಇಸವಿ ಮಾರ್ಚಿ ೩ನೆಯ ತಾರೀಕು ಒಂದು ಅಂತರರಾಷ್ಟ್ರೀಯ ಒಪ್ಪಂದವು ರಾಷ್ಟ್ರಗಳ ಸಹಿಗಾಗಿ ಇಡಲ್ಪಟ್ಟಿತು. ಆ ಒಪ್ಪಂದದ ಕಾವಲಿನ ನಿಯಮಗಳು ಮೊದಲು ಮುಖ್ಯವಾಗಿ ಅಣುದ್ರವ್ಯವನ್ನು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸಾಗಿಸುವುದಕ್ಕೆ ಮಾತ್ರ ಸಂಬಂಧಿಸಿದ್ದವು. ದೇಶದೊಳಗಿನ ಸ್ಥಾವರಗಳನ್ನೂ ಕಾಯುವ ಹೊಣೆಯನ್ನು ೨೦೦೫ರ ತಿದ್ದುಪಡಿಯು ಸೇರಿಸಿತು. ಆ ತಿದ್ದುಪಡಿಯು ಜಾರಿಗೆ ಬರಲು ೨೦೧೬ನೆಯ ಮೇ ತಿಂಗಳ ವರೆಗೆ ಕಾಯಬೇಕಾಯಿತು. ನಮ್ಮ ದೇಶವು ಒಪ್ಪಂದಕ್ಕೆ ೨೦೦೨ರಲ್ಲಿಯೂ ತಿದ್ದುಪಡಿಗೆ ೨೦೦೭ರಲ್ಲಿಯೂ ಸೇರಿತು.

ತರಬೇತಿನ ಕೆಲಸವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಕೈಕೊಂಡದ್ದು ಅಮೇರಿಕದ ಸ್ಯಾಂಡಿಯಾ ಪ್ರಯೋಗಶಾಲೆ. ಅದು ನ್ಯೂ ಮೆಕ್ಸಿಕೋ ಸಂಸ್ಥಾನದ ಆಲ್ಬುಕರ್ಕಿ ಪಟ್ಟಣದಲ್ಲಿದೆ. ಅಲ್ಲಿ ೧೯೭೮ರಿಂದ ನಾನಾ ದೇಶಗಳ ಅಧಿಕಾರಿಗಳಿಗೆ ಈ ವಿದ್ಯೆಯನ್ನು ಕಲಿಸುತ್ತ ಬಂದಿದ್ದಾರೆ. ವಿಯೆನ್ನಾದ ಸಂಸ್ಥೆಯವರು ಅಪಾಯದ ಪಟ್ಟಿಯನ್ನು ರಚಿಸುವ ವಿಧಾನಕ್ಕಾಗಿಯೇ ೨೦೦೯ರಲ್ಲಿ ಒಂದು ಮಾರ್ಗದರ್ಶಿಕೆಯನ್ನು ಅಚ್ಚುಹಾಕಿಸಿದರು. ೨೦೨೧ರಲ್ಲಿ ಅದನ್ನು ಹೊಸದಾಗಿ ಬರೆದರು. ೨೦೨೩ರ ಅಕ್ಟೋಬರಿನಲ್ಲಿ ಆಸ್ಟ್ರಿಯ ದೇಶದ ಸೈಬರ್ಸ್‌ಡಾರ್ಫ್ ಎಂಬಲ್ಲಿ ಈ ಶಿಕ್ಷಣಕ್ಕೆಂದೇ ಕಟ್ಟಿದ ಕೇಂದ್ರವು ತೆರೆಯಲ್ಪಟ್ಟಿತು. ನಮ್ಮ ದೇಶದಲ್ಲಿ ಹರಿಯಾಣದ ಬಹಾದುರ್‌ಗಢದ ಬಳಿಯಲ್ಲಿ ೨೦೧೦ರ ಸಂಕಲ್ಪದಂತೆ ಏರ್ಪಟ್ಟ ಕೇಂದ್ರವೂ ಇಂಥ ವಿಷಯಗಳಲ್ಲಿ ತರಬೇತು ಕೊಡುವುದಾಗಿದೆ.

ಆ ತರಗತಿಗಳಲ್ಲಿ ನಡೆಯುವುದೇನು? ಯಾವ ದೇಶವೂ ತನ್ನ ಗುಟ್ಟನ್ನು ಪರರ ಮುಂದೆ ಬಿಚ್ಚದಾದುದರಿಂದ, ಕಲಿಸುವವರು ಒಂದು ಕಲ್ಪಿತ ದೇಶವನ್ನೂ ಅದರಲ್ಲಿ ಒಂದು ಕಲ್ಪಿತ ಸ್ಥಾವರವನ್ನೂ ಮುಂದಿಡುತ್ತಾರೆ. ಆ ದೇಶಕ್ಕೆ ನಕಾಶೆಯುಂಟು, ಕಳ್ಳಸಾಗಾಣಿಕೆಯವರುಂಟು, ಅಸಂತುಷ್ಟರಾದ ಪಂಗಡಗಳುಂಟು, ಕೂಲಿಯ ವ್ಯಾಜ್ಯಗಳುಂಟು. ಕಲಿಯಲು ಬಂದವರು ಇವೆಲ್ಲವನ್ನೂ ಓದಿ, ಯಾರಿಗೆ ಸ್ಥಾವರದ ಮೇಲೆ ಕಣ್ಣಿರಬಹುದು, ಅವರಿಗೆ ಮನಸ್ಸಿದ್ದರೆ ಶಕ್ತಿಯುಂಟೇ, ಶಕ್ತಿಯಿದ್ದರೆ ಮನಸ್ಸುಂಟೇ ಎಂದು ಒಂದೊಂದಾಗಿ ವಿಚಾರಿಸಬೇಕು. ಮನಸ್ಸು ಬೇರೆ, ಶಕ್ತಿ ಬೇರೆ ಎಂಬ ಈ ವಿವೇಚನೆಯು ಮೇಲೆ ನೋಡಿದರೆ ಸುಲಭವಾಗಿ ತೋರುತ್ತದೆ. ಆದರೆ ಭಯಪಟ್ಟವನು ಬೈಯುವವರನ್ನೆಲ್ಲಾ ಬಲಶಾಲಿಗಳೆಂದೂ, ಉದಾಸೀನನು ಬಲಶಾಲಿಗಳನ್ನೆಲ್ಲಾ ಸಾಧುಗಳೆಂದೂ ಎಣಿಸುವುದು ಲೋಕದಲ್ಲಿ ಸಾಮಾನ್ಯ. ಉದ್ದೇಶಗಳನ್ನೂ ಬೇರ್ಪಡಿಸಬೇಕು. ಬಾಂಬಿಗೆ ಒದಗುವ ದ್ರವ್ಯವನ್ನು ಕದ್ದೊಯ್ಯಲು ಬರುವವನು ಒಳಗೆ ಹೋಗಬೇಕು, ಹೊರಗೂ ಬರಬೇಕು. ಸ್ಥಾವರವನ್ನು ಕೆಡಿಸಿ ವಿಕಿರಣವನ್ನು ಊರಿನ ಮೇಲೆ ಹರಡಬೇಕೆಂದಿರುವವನು ಒಳಗೆ ಹೋದರೆ ಸಾಕು.

ಈ ಪಾಠದಲ್ಲಿ ಅತ್ಯಂತ ಕಷ್ಟವಾದ ಭಾಗವು ಲೆಕ್ಕವಲ್ಲ, ಒಂದೇ ಮೇಜಿನ ಸುತ್ತ ಕುಳಿತುಕೊಳ್ಳುವುದು ಎಂದು ನಮಗೆ ತೋರುತ್ತದೆ. ಪಟ್ಟಿಯನ್ನು ಬರೆಯಲು ಗೃಹಖಾತೆಯವರು, ಗೂಢಚಾರ ಇಲಾಖೆಯವರು, ಪೊಲೀಸಿನವರು, ಸೈನ್ಯದವರು, ಅಣುಶಕ್ತಿಯನ್ನು ನಿಯಂತ್ರಿಸುವ ಮಂಡಲಿಯವರು, ಸ್ಥಾವರವನ್ನು ನಡೆಸುವವರು, ಇವರೆಲ್ಲರೂ ಬೇಕು. ಗೂಢಚಾರನಿಗೆ ಸಮಾಚಾರ ಗೊತ್ತು. ಸ್ಥಾವರದ ಯಾವ ಕೊಠಡಿಯಲ್ಲಿ ಏನಿದೆಯೆಂಬುದು ಗೊತ್ತಿಲ್ಲ. ಇಂಜಿನಿಯರನಿಗೆ ಕೊಠಡಿ ಗೊತ್ತು. ಹೊರಗೆ ಯಾರು ಪಿಸುಗುಟ್ಟುತ್ತಿದ್ದಾರೆಂಬುದು ಗೊತ್ತಿಲ್ಲ. ಒಬ್ಬರಿಗೆ ತಿಳಿದುದನ್ನು ಇನ್ನೊಬ್ಬರಿಗೆ ಹೇಳದಿರುವುದೇ ತಮ್ಮ ಖಾತೆಯ ಘನತೆ ಎಂದು ಭಾವಿಸುವ ಅಭ್ಯಾಸವು ಎಲ್ಲಾ ದೇಶಗಳ ಕಚೇರಿಗಳಲ್ಲಿಯೂ ಇದೆ. ಕಲ್ಪಿತ ದೇಶದ ವಿಷಯದಲ್ಲಿ ಅವರು ಸಂಕೋಚವಿಲ್ಲದೆ ಮಾತಾಡಬಲ್ಲರು. ಊರಿಗೆ ಹಿಂತಿರುಗಿದ ಮೇಲೆ ನಿಜವಾದ ದೇಶದ ವಿಷಯದಲ್ಲಿಯೂ ಹಾಗೆಯೇ ಮಾತಾಡಿದರೆ ತರಬೇತು ಸಾರ್ಥಕವಾದಂತೆ.

ಇನ್ನು ಲೆಕ್ಕದ ಭಾಗ. ಕಾವಲೆಂಬುದಕ್ಕೆ ಮೂರು ಅಂಗಗಳು: ಬಂದವನನ್ನು ಕಂಡುಹಿಡಿಯುವುದು, ಅವನನ್ನು ತಡಮಾಡಿಸುವುದು, ತಡವಾದಷ್ಟರೊಳಗೆ ಪಡೆಯು ಬಂದು ಹಿಡಿಯುವುದು. ಒಂದು ಕಲ್ಪಿತ ಉದಾಹರಣೆಯನ್ನು ಹೇಳುವೆವು. ಹೊರಬೇಲಿಯಿಂದ ಒಳಗಿನ ಕೊಠಡಿಗೆ ತಲಪಲು ಕಳ್ಳನಿಗೆ ೧೨ ನಿಮಿಷ ಹಿಡಿಯುತ್ತದೆಂದೂ, ಗಂಟೆ ಬಾರಿಸಿದ ಮೇಲೆ ಪಡೆಯು ಬರಲು ೯ ನಿಮಿಷ ಬೇಕೆಂದೂ ಇಟ್ಟುಕೊಳ್ಳೋಣ. ಬೇಲಿ ಕತ್ತರಿಸಿದ ಕ್ಷಣವೇ ಗಂಟೆಯು ಬಾರಿಸಿ, ಅದನ್ನು ಕೇಳಿದವರು ನಂಬಿದರೆ, ಪಡೆಯು ೩ ನಿಮಿಷ ಮುಂಚಿತವಾಗಿ ಬಂದು ನಿಂತಿರುತ್ತದೆ. ಬೇಲಿಯ ಬಳಿ ಇಟ್ಟ ಕ್ಯಾಮರಾ ಕೆಟ್ಟಿದ್ದು, ಗಂಟೆ ಯಾಕೆ ಬಾರಿಸಿತೆಂದು ನೋಡಿಬರಲು ಒಬ್ಬನನ್ನು ಕಳುಹಿಸಿ, ಅವನು ಹೋಗಿ ಹೇಳಿಕಳುಹಿಸಲು ೪ ನಿಮಿಷವಾದರೆ, ಪಡೆಯು ೧ ನಿಮಿಷ ತಡವಾಗಿ ಬರುತ್ತದೆ. ಗೋಡೆ ಅದೇ, ಬಂದೂಕು ಅವೇ, ಮನುಷ್ಯರು ಅವರೇ. ಕೆಟ್ಟ ಕ್ಯಾಮರಾ ಒಂದೇ ಹೆಚ್ಚಿನದು. ತಡೆಗೋಡೆಗಳನ್ನೆಲ್ಲಾ ದಾಟಿದ ಮೇಲೆ ಗಂಟೆ ಬಾರಿಸಿದರೆ ಪ್ರಯೋಜನವಿಲ್ಲ. ದಾಟುವುದಕ್ಕೆ ಮುಂಚೆ ಬಾರಿಸಿದ ಗಂಟೆಯನ್ನು ನಂಬದಿದ್ದರೂ ಪ್ರಯೋಜನವಿಲ್ಲ.

ಇದು ಬರೀ ಪುಸ್ತಕದ ಮಾತಲ್ಲವೆಂಬುದಕ್ಕೆ ಅಮೇರಿಕದ ಟೆನೆಸಿ ಸಂಸ್ಥಾನದ ಓಕ್ ರಿಜ್ ಎಂಬಲ್ಲಿ ನಡೆದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇವೆ. ಅಲ್ಲಿರುವ ವೈ-೧೨ ಎಂಬ ಸ್ಥಾವರದಲ್ಲಿ ಬಾಂಬಿಗೆ ಒದಗುವ ಯುರೇನಿಯವನ್ನು ಇಟ್ಟಿರುತ್ತಾರೆ. ಅದನ್ನು ಇಡುವುದಕ್ಕಾಗಿ ಸುಮಾರು ೫೫ ಕೋಟಿ ಡಾಲರು ಖರ್ಚುಮಾಡಿ ಕೋಟೆಯಂಥ ಕಟ್ಟಡವೊಂದನ್ನು ಕಟ್ಟಿದ್ದರು. ೨೦೧೨ನೆಯ ಇಸವಿ ಜುಲೈ ೨೮ನೆಯ ತಾರೀಕು ಬೆಳಕು ಹರಿಯುವುದಕ್ಕೆ ಮುಂಚೆ ಮೂವರು ಆ ಕಟ್ಟಡದ ಗೋಡೆಯನ್ನು ಮುಟ್ಟಿದರು. ಅವರಲ್ಲಿ ಇಬ್ಬರು ಗಂಡಸರು, ೬೩ ಮತ್ತು ೫೭ ವರ್ಷದವರು. ಮೂರನೆಯವರು ಸಿಸ್ಟರ್ ಮೇಗನ್ ರೈಸ್ ಎಂಬ ಕನ್ಯಾಸ್ತ್ರೀ, ವಯಸ್ಸು ೮೨. ಈಕೆ ೧೯೬೨ರಿಂದ ಬಹುಕಾಲ ಪಶ್ಚಿಮ ಆಫ್ರಿಕದ ನೈಜೀರಿಯ ಮತ್ತು ಘಾನಾ ದೇಶಗಳಲ್ಲಿ ಮಕ್ಕಳಿಗೆ ವಿಜ್ಞಾನವನ್ನು ಕಲಿಸಿದ ಉಪಾಧ್ಯಾಯಿನಿ. ಅಣ್ವಸ್ತ್ರಗಳು ಲೋಕದಲ್ಲಿ ಇರಕೂಡದೆಂಬ ನಂಬಿಕೆಯಿಂದ ಈ ಮೂವರು ತಂತಿ ಕತ್ತರಿಸುವ ಇಕ್ಕಳವನ್ನು ಹಿಡಿದು, ರಾತ್ರಿಯಲ್ಲಿ ಗುಡ್ಡವನ್ನು ದಾಟಿ, ಒಂದಾದ ಮೇಲೊಂದು ಬೇಲಿಯನ್ನು ಕತ್ತರಿಸಿ ನಡೆದುಹೋದರು. ಗೋಡೆಯ ಮೇಲೆ ಶಾಂತಿಯ ವಾಕ್ಯಗಳನ್ನು ಬರೆದರು, ಸೀಸೆಯಲ್ಲಿ ತಂದ ರಕ್ತವನ್ನು ಚೆಲ್ಲಿದರು, ಸುತ್ತಿಗೆಯಿಂದ ಗೋಡೆಯ ಮೂಲೆಯನ್ನು ಕುಟ್ಟಿದರು.

ಗಂಟೆ ಬಾರಿಸಲಿಲ್ಲವೇ ಎಂದು ವಾಚಕರು ಕೇಳುವರು. ಬಾರಿಸಿತು. ಆದರೆ ಕಾಡಿನ ಪ್ರಾಣಿ ಸುಳಿದರೂ ಬಾರಿಸುತ್ತಿದ್ದ ಗಂಟೆಯಾದುದರಿಂದ ಅದಕ್ಕೆ ಬೆಲೆ ಕಡಿಮೆಯಾಗಿತ್ತು. ನೋಡತಕ್ಕ ಕ್ಯಾಮರಾಗಳು ಕೆಟ್ಟು ಬಹುದಿನಗಳಾಗಿದ್ದುವು. ಸುತ್ತಿಗೆಯ ಸದ್ದನ್ನು ಕಟ್ಟಡದೊಳಗಿದ್ದ ಸಶಸ್ತ್ರ ಕಾವಲುಗಾರನು ಕೇಳಿದನು. ದುರಸ್ತಿ ಕೆಲಸದವರು ಬಂದಿರಬೇಕೆಂದು ಎಣಿಸಿದನು. ಇವೆಲ್ಲವೂ ಆ ದೇಶದ ಶಕ್ತಿ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಅವರು ಮುಂದಿನ ತಿಂಗಳಲ್ಲಿ ಪ್ರಕಟಿಸಿದ ವರದಿಯಲ್ಲಿವೆ. ಕೊನೆಗೆ ವಾಹನದಲ್ಲಿ ಒಬ್ಬ ಕಾವಲುಗಾರನು ಬಂದಾಗ ಆ ಮೂವರು ಓಡಲಿಲ್ಲ. ತಾವಾಗಿಯೇ ಎದುರಿಗೆ ಹೋಗಿ ಹಾಡಿದರು, ತಂದಿದ್ದ ರೊಟ್ಟಿಯನ್ನು ಅವನಿಗೆ ನೀಡಿದರು.

ಇಲ್ಲಿ ತರಬೇತಿನ ದೃಷ್ಟಿಯಿಂದ ಎರಡು ಪ್ರಶ್ನೆಗಳು ಹುಟ್ಟುತ್ತವೆ. ೮೨ ವರ್ಷದ ಕನ್ಯಾಸ್ತ್ರೀಯನ್ನು ಅಪಾಯದ ಪಟ್ಟಿಯಲ್ಲಿ ಸೇರಿಸಬೇಕಾಗಿತ್ತೇ? ಆಕೆ ಯಾರಿಗೂ ಕೇಡನ್ನು ಬಯಸಿದವಳಲ್ಲ. ಆದರೆ ಆಕೆ ನಡೆದ ದಾರಿಯಲ್ಲಿ ಕೇಡನ್ನು ಬಯಸುವವನೂ ನಡೆಯಬಹುದಾಗಿತ್ತು. ಪಟ್ಟಿಯಲ್ಲಿ ಎಂಥ ಬಲಶಾಲಿಯಾದ ವೈರಿಯನ್ನು ಬರೆದಿದ್ದರೇನು? ಆ ವೈರಿಗಾಗಿ ಕಟ್ಟಿದ ಕಾವಲು ವೃದ್ಧೆಯೊಬ್ಬಳನ್ನು ತಡೆಯದೆ ಹೋಯಿತು. ಹೀಗಾದುದು ಪಟ್ಟಿಯ ಕೊರತೆಯಿಂದಲ್ಲ, ಪಟ್ಟಿಗೂ ಬೇಲಿಗೂ ನಡುವೆ ಇರತಕ್ಕ ದಿನದಿನದ ಶ್ರದ್ಧೆಯ ಕೊರತೆಯಿಂದ. ಎರಡನೆಯ ಪ್ರಶ್ನೆಯು ಇನ್ನೂ ಸೂಕ್ಷ್ಮವಾದುದು. ಆ ಆವರಣದೊಳಕ್ಕೆ ನುಗ್ಗಿದವರ ಮೇಲೆ ಪ್ರಾಣಾಂತಕವಾದ ಬಲವನ್ನು ಪ್ರಯೋಗಿಸಲು ಕಾವಲುಗಾರರಿಗೆ ಅಧಿಕಾರವಿತ್ತು. ಎದುರಿಗೆ ಬಂದ ಕಾವಲುಗಾರನು ಇವರು ಶಾಂತಿವಾದಿಗಳೆಂದು ಗುರುತಿಸಿ ಗುಂಡು ಹಾರಿಸಲಿಲ್ಲ. ಅವನು ಕೆಲಸವನ್ನು ಕಳೆದುಕೊಂಡನು. ಅವನು ನಿಯಮದಂತೆ ಮಾಡತಕ್ಕ ಕೆಲವನ್ನು ಮಾಡಲಿಲ್ಲವೆಂದು ಮೇಲಿನವರು ಹೇಳಿದರು; ಅದು ನಿಜವೇ ಇರಬಹುದು. ಆದರೆ ತಿಂಗಳುಗಟ್ಟಲೆ ಕ್ಯಾಮರಾಗಳನ್ನು ದುರಸ್ತಿಮಾಡದೆ ಬಿಟ್ಟದ್ದು ಅವನಲ್ಲ. ಕತ್ತಲೆಯಲ್ಲಿ ಒಂದು ಕ್ಷಣದೊಳಗೆ ವೈರಿ ಯಾರು, ವೃದ್ಧೆ ಯಾರು ಎಂದು ತಿಳಿದುಕೊಂಡ ಆ ಮನುಷ್ಯನ ವಿಷಯದಲ್ಲಿ ನಮಗೆ ಗೌರವವೇ ಉಂಟು. ನ್ಯಾಯಾಲಯವು ೨೦೧೪ರಲ್ಲಿ ಸಿಸ್ಟರ್ ರೈಸ್ ಅವರಿಗೆ ೩೫ ತಿಂಗಳುಗಳ, ಇನ್ನಿಬ್ಬರಿಗೆ ೬೨ ತಿಂಗಳುಗಳ ಸೆರೆವಾಸವನ್ನು ವಿಧಿಸಿತು. ೨೦೧೫ರ ಮೇ ತಿಂಗಳಲ್ಲಿ ಮೇಲಿನ ನ್ಯಾಯಾಲಯವು ವಿಧ್ವಂಸದ ಆರೋಪವನ್ನು ತಳ್ಳಿಹಾಕಿದುದರಿಂದ ಮೂವರೂ ಬಿಡುಗಡೆ ಹೊಂದಿದರು. ಸಿಸ್ಟರ್ ರೈಸ್ ೨೦೨೧ರಲ್ಲಿ ತಮ್ಮ ೯೧ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹೊರಗಿನಿಂದ ಬರುವವರ ಮಾತು ಇಷ್ಟಾಯಿತು. ಅಡಿಕೆಯ ಅಂಗಳದಲ್ಲಿ ಪರಿಚಯದ ಆಳನ್ನು ಕಂಡು ನಾಯಿ ಬೊಗಳಲಿಲ್ಲವೆಂದೆವಷ್ಟೆ. ಅಣುಸ್ಥಾವರದಲ್ಲಿಯೂ ಒಳಗಿನವನೇ ಅತಿಕಷ್ಟದ ಪ್ರಶ್ನೆ. ಬಾಗಿಲು ಅವನಿಗೆ ತೆರೆದಿರುತ್ತದೆ. ಅವನಿಗೆ ಸ್ಥಳದ ಜ್ಞಾನವುಂಟು, ಅಧಿಕಾರವುಂಟು, ಆತುರವಿಲ್ಲ. ದಕ್ಷಿಣ ಆಫ್ರಿಕದ ಕೂಬರ್ಗ್ ಸ್ಥಾವರವು ಇನ್ನೂ ಕೆಲಸವನ್ನಾರಂಭಿಸದಿದ್ದಾಗ, ೧೯೮೨ರ ಡಿಸೆಂಬರಿನಲ್ಲಿ, ಅಲ್ಲಿಯೇ ಕೆಲಸಕ್ಕಿದ್ದ ಒಬ್ಬನು ವರ್ಣಭೇದದ ಸರಕಾರವನ್ನು ವಿರೋಧಿಸಿ ನಾಲ್ಕು ಬಾಂಬುಗಳನ್ನು ಒಳಗೆ ತಂದಿಟ್ಟು ಸಿಡಿಸಿದನು, ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಬೆಲ್ಜಿಯಂ ದೇಶದ ಡೂಲ್ ಎಂಬಲ್ಲಿ ೨೦೧೪ರ ಆಗಸ್ಟ್ ೫ರಂದು ಯಾರೋ ಒಬ್ಬರು ಒಂದು ಕವಾಟವನ್ನು ತೆರೆದು, ಉಗಿಚಕ್ರಕ್ಕೆ ಬೇಕಾದ ಸುಮಾರು ೬೫,೦೦೦ ಲೀಟರು ಎಣ್ಣೆಯನ್ನು ಹರಿಯಬಿಟ್ಟರು. ಯಂತ್ರವು ಕೆಟ್ಟು ತಿಂಗಳುಗಳ ಕಾಲ ನಿಂತುಹೋಯಿತು. ಮಾಡಿದವರು ಯಾರೆಂಬುದು ವರ್ಷಗಟ್ಟಲೆ ಶೋಧಿಸಿದರೂ ಹೊರಬೀಳಲಿಲ್ಲ.

ನಮ್ಮ ಕೈಗಾದಲ್ಲಿಯೂ ಇಂಥದೊಂದು ನಡೆದುಹೋಯಿತು. ಅಲ್ಲಿಯ ಯಂತ್ರಗಳಲ್ಲಿ ಭಾರಜಲವೆಂಬುದನ್ನು ಉಪಯೋಗಿಸುತ್ತಾರೆ. ಯಂತ್ರವು ನಡೆಯುತ್ತಿರುವಾಗ ಆ ನೀರಿನಲ್ಲಿ ಟ್ರಿಟಿಯಂ ಎಂಬ ವಿಕಿರಣದ್ರವ್ಯವು ಹುಟ್ಟಿಕೊಳ್ಳುತ್ತದೆ. ೨೦೦೯ರ ನವೆಂಬರಿನಲ್ಲಿ ಕೆಲಸದವರ ಮೂತ್ರವನ್ನು ವಾಡಿಕೆಯಂತೆ ಪರೀಕ್ಷಿಸಿದಾಗ ಐವತ್ತರ ಆಸುಪಾಸಿನಷ್ಟು ಮಂದಿಯಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡುಬಂದಿತು. ಹುಡುಕುತ್ತ ಹೋದರೆ, ಅವರೆಲ್ಲರೂ ಒಂದೇ ಕಡೆ ಇಟ್ಟಿದ್ದ ತಣ್ಣೀರಿನ ಯಂತ್ರದಿಂದ ನೀರು ಕುಡಿದವರು. ಯಾರೋ ಆ ಕುಡಿಯುವ ನೀರಿಗೆ ಟ್ರಿಟಿಯಂ ಬೆರೆತ ಭಾರಜಲವನ್ನು ಸೇರಿಸಿದ್ದರು. ಇದು ಒಳಗಿನವರದೇ ಕಿಡಿಗೇಡಿತನವೆಂದು ಅಣುಶಕ್ತಿ ಇಲಾಖೆಯ ಹಿರಿಯ ಅಧಿಕಾರಿಗಳೇ ಆಗ ಹೇಳಿದರು. ವಿಕಿರಣವು ಸ್ಥಾವರದ ಹೊರಗೆ ಹೋಗಲಿಲ್ಲ. ಟ್ರಿಟಿಯಂ ದೇಹದಿಂದ ನೀರಿನೊಡನೆಯೇ ಹೊರಹೋಗುವುದಾದುದರಿಂದ, ಕುಡಿದವರಿಗೆ ಹೆಚ್ಚು ನೀರನ್ನೂ ಔಷಧವನ್ನೂ ಕೊಟ್ಟು ಉಪಚರಿಸಿದರು. ಪ್ರಮಾಣದಲ್ಲಿ ಚಿಕ್ಕ ಸಂಗತಿಯೇ ಇರಬಹುದು. ಆದರೆ ಬೇಲಿ, ಗೋಡೆ, ಬಂದೂಕು ಇವು ಯಾವುವೂ ಆ ಒಬ್ಬ ಮನುಷ್ಯನನ್ನು ತಡೆಯುವುದಕ್ಕೆ ಏರ್ಪಟ್ಟವಲ್ಲ. ಗಂಡನನ್ನೋ ಮಗನನ್ನೋ ದಿನವೂ ಆ ಬಾಗಿಲೊಳಕ್ಕೆ ಕಳುಹಿಸುವ ಮನೆಗಳಲ್ಲಿ ಈ ಸಂಗತಿಯನ್ನು ಚಿಕ್ಕದೆಂದು ಯಾರೂ ಎಣಿಸಿರಲಾರರು.

ಒಳಗಿನವನ ವಿಷಯದಲ್ಲಿ ಕಲಿಸುವ ಉಪಾಯಗಳು ಬಹಳವಿಲ್ಲ. ಮುಖ್ಯವಾದ ಸ್ಥಳಕ್ಕೆ ಒಬ್ಬನೇ ಹೋಗಕೂಡದು, ಇಬ್ಬರು ಜತೆಯಾಗಿಯೇ ಹೋಗಬೇಕು. ಬೀಗದ ಕೈ ಒಬ್ಬನಲ್ಲಿ, ಗುಪ್ತಸಂಖ್ಯೆ ಇನ್ನೊಬ್ಬನಲ್ಲಿ ಇರಬೇಕು. ದ್ರವ್ಯದ ತೂಕವನ್ನು ತಪ್ಪದೆ ಲೆಕ್ಕ ನೋಡಬೇಕು. ಕೆಲಸಕ್ಕೆ ಸೇರಿಸುವಾಗಲಷ್ಟೇ ಅಲ್ಲ, ಆಮೇಲೆಯೂ ನಡತೆಯನ್ನು ವಿಚಾರಿಸುತ್ತಿರಬೇಕು. ಇವುಗಳಿಗಿಂತ ಮಿಗಿಲಾದ ಇನ್ನೊಂದುಂಟು. ಅನ್ಯಾಯವಾಯಿತೆಂದು ಕುದಿಯುತ್ತಿರುವ ಕೆಲಸಗಾರನ ದೂರನ್ನು ಕೇಳುವ ಕಿವಿ ಮೇಲಧಿಕಾರಿಗೆ ಇರಬೇಕು. ಅದನ್ನು ಕಾವಲಿನ ಖರ್ಚಿನಲ್ಲಿ ಯಾರೂ ಬರೆಯುವುದಿಲ್ಲ. ಆದರೆ ಬರೆಯತಕ್ಕದ್ದೆಂದು ನಾವು ಭಾವಿಸುತ್ತೇವೆ.

ಪಟ್ಟಿಯು ಒಂದು ಸಲ ಬರೆದರೆ ಮುಗಿಯುವುದಲ್ಲ. ೧೯೯೩ರ ಫೆಬ್ರವರಿ ೭ರಂದು ಅಮೇರಿಕದ ತ್ರೀ ಮೈಲ್ ಐಲೆಂಡ್ ಸ್ಥಾವರದ ಹೆಬ್ಬಾಗಿಲನ್ನು ಒಬ್ಬನು ತನ್ನ ಮೋಟಾರುಗಾಡಿಯಿಂದ ಮುರಿದು ಒಳಹೊಕ್ಕು, ಉಗಿಚಕ್ರದ ಕಟ್ಟಡದ ಬಾಗಿಲಿಗೆ ಗುದ್ದಿದನು. ಅವನು ಅಡಗಿ ಕುಳಿತಿದ್ದ ಸ್ಥಳವನ್ನು ಹುಡುಕಲು ಸುಮಾರು ನಾಲ್ಕು ಗಂಟೆಗಳು ಹಿಡಿದುವು. ಅದೇ ತಿಂಗಳು ೨೬ರಂದು ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ಕೆಳಗೆ ಸ್ಫೋಟಕ ತುಂಬಿದ ಗಾಡಿಯೊಂದು ಸಿಡಿಯಿತು. ಇವೆರಡೂ ಆಗುವ ತನಕ ಆ ದೇಶದ ಪಟ್ಟಿಯಲ್ಲಿ ಸ್ಫೋಟಕದ ಗಾಡಿಯು ಇರಲೇ ಇಲ್ಲ, ೧೯೯೪ರಲ್ಲಿ ಸೇರಿಸಿದರು. ೨೦೦೧ರ ಸೆಪ್ಟೆಂಬರ್ ೧೧ರ ತರುವಾಯ ಪುನಃ ಬದಲಾಯಿಸಿದರು. ಈಗ ಡ್ರೋನ್‌ಗಳು ಬಂದಿವೆ, ಕಂಪ್ಯೂಟರಿನ ಮೂಲಕ ನುಗ್ಗುವವರು ಬಂದಿದ್ದಾರೆ. ತಮಿಳುನಾಡಿನ ಕೂಡಂಕುಳಂ ಸ್ಥಾವರದ ಒಂದು ಕಂಪ್ಯೂಟರಿನಲ್ಲಿ ಕೇಡಿನ ತಂತ್ರಾಂಶವು ಸಿಕ್ಕಿತೆಂದು ೨೦೧೯ರ ಅಕ್ಟೋಬರಿನಲ್ಲಿ ಅದನ್ನು ನಡೆಸುವ ಸರಕಾರಿ ಕಂಪೆನಿಯೇ ಒಪ್ಪಿಕೊಂಡಿತು. ಅದು ಆಡಳಿತದ ಕೆಲಸದ ಯಂತ್ರವೆಂದೂ ಸ್ಥಾವರವನ್ನು ನಡೆಸುವ ಯಂತ್ರಗಳಿಗೆ ಅದರ ಸಂಪರ್ಕವಿರಲಿಲ್ಲವೆಂದೂ ತಿಳಿಸಿತು.

ಪಟ್ಟಿಯಲ್ಲಿ ಎಲ್ಲವನ್ನೂ ಬರೆಯುವಂತೆಯೂ ಇಲ್ಲ. ಸ್ಥಾವರವನ್ನು ನಡೆಸುವವನು ಪೂರ್ತಿಯಾಗಿ ಎದುರಿಸತಕ್ಕದ್ದು ಇಷ್ಟು, ಅದಕ್ಕೆ ಮೇಲ್ಪಟ್ಟದ್ದು ರಾಜ್ಯದ ಸೈನ್ಯದ ಹೊಣೆ ಎಂದು ಎಲ್ಲಿಯೋ ಗೆರೆ ಎಳೆಯಬೇಕು. ಫ್ಲಾರಿಡಾದಲ್ಲಿ ಕಟ್ಟಬೇಕೆಂದಿದ್ದ ಸ್ಥಾವರವು ಕ್ಯೂಬಾ ದ್ವೀಪಕ್ಕೆ ಸಮೀಪವೆಂಬ ಆಕ್ಷೇಪಣೆ ಹುಟ್ಟಿದ ಮೇಲೆ, ೧೯೬೭ರಲ್ಲಿ ಅಮೇರಿಕದವರು ಈ ಗೆರೆಯನ್ನು ನಿಯಮವಾಗಿಯೇ ಬರೆದರು: ಶತ್ರುರಾಷ್ಟ್ರದ ದಾಳಿಯನ್ನು ತಡೆಯುವುದು ಸ್ಥಾವರದವರ ಕೆಲಸವಲ್ಲ. ಬಹುಕಾಲದ ವರೆಗೆ ಇದು ಕಾಗದದ ಮಾತಾಗಿತ್ತು. ೨೦೨೨ರ ಮಾರ್ಚಿ ೪ರಂದು ರಷ್ಯದ ಸೈನ್ಯವು ಉಕ್ರೇನಿನ ಜಪೋರಿಜಿಯಾ ಸ್ಥಾವರವನ್ನು ಯುದ್ಧದಲ್ಲಿ ಹಿಡಿದಾಗ, ಆರು ಯಂತ್ರಗಳುಳ್ಳ ಯೂರೋಪಿನ ಅತಿದೊಡ್ಡ ಅಣುಸ್ಥಾವರವು ಗೆರೆಯ ಆಚೆಗಿನ ಅಪಾಯಕ್ಕೆ ಸಿಕ್ಕಿತು.

ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದರಲ್ಲಿ ಹಣದ ಪ್ರಶ್ನೆಯೂ ಅಡಗಿದೆ. ಪಟ್ಟಿಯಲ್ಲಿ ಒಂದು ಆಯುಧವನ್ನು ಹೆಚ್ಚಾಗಿ ಬರೆದರೆ ಬೇಲಿಗೆ ಇನ್ನಷ್ಟು ಕೋಟಿ ಬೇಕಾದೀತು. ಅಮೇರಿಕದ ಸಂಸತ್ತಿನ ಪರವಾಗಿ ಲೆಕ್ಕಪತ್ರಗಳನ್ನು ಪರೀಕ್ಷಿಸುವ ಕಚೇರಿಯು ೨೦೦೬ರಲ್ಲಿ ಒಂದು ವರದಿಯನ್ನು ಕೊಟ್ಟಿತು. ನಿಯಂತ್ರಣ ಮಂಡಲಿಯ ನೌಕರರು ಮೊದಲು ಬರೆದ ಪಟ್ಟಿಯ ಕೆಲವು ಆಯುಧಗಳು ಸ್ಥಾವರಗಳ ಒಡೆಯರು ಆಕ್ಷೇಪಿಸಿದ ಮೇಲೆ ಬಿಟ್ಟುಹೋದುವೆಂದೂ, ಬರಬಹುದಾದ ಅಪಾಯಕ್ಕಿಂತ ತಡೆಯಲು ಅನುಕೂಲವಾದ ಅಪಾಯವನ್ನೇ ಬರೆದರೆಂಬ ಶಂಕೆಗೆ ಇದು ಎಡೆಗೊಡುವುದೆಂದೂ ಅದರಲ್ಲಿ ಹೇಳಿತ್ತು. ಅಡಿಕೆಯವನು ನಾಯಿಗೆ ಅನ್ನ ಹಾಕಲು ಕಷ್ಟವೆಂದು ಮಂಗಗಳೇ ಇಲ್ಲವೆಂದು ಬರೆದುಕೊಂಡಂತೆ! ಎಲ್ಲಾ ವೈರಿಗಳಿಗೂ ಕೋಟೆ ಕಟ್ಟಲು ಯಾವ ದೇಶದ ಬೊಕ್ಕಸವೂ ಸಾಲದೆಂಬುದು ನಿಜ. ಆದರೆ ಮೊದಲು ಅಪಾಯವನ್ನು ಇದ್ದಂತೆ ಬರೆದು, ಆಮೇಲೆ ಇಷ್ಟನ್ನು ನಾವು ಎದುರಿಸಲಾರೆವು, ಇದು ಸೈನ್ಯದ ಪಾಲಿಗೆ ಎಂದು ಸಹಿಮಾಡಿ ಒಪ್ಪಿಕೊಳ್ಳುವುದು ಬೇರೆ. ಎದುರಿಸಲಾರದುದನ್ನು ಬರೆಯದೆಯೇ ಬಿಡುವುದು ಬೇರೆ. ತರಬೇತಿನಲ್ಲಿ ಅಪಾಯವನ್ನು ತೂಗುವ ದಿನವನ್ನೂ ಪಟ್ಟಿಯನ್ನು ನಿಶ್ಚಯಿಸುವ ದಿನವನ್ನೂ ಬೇರೆ ಬೇರೆಯಾಗಿ ಇಡುವುದು ಇದಕ್ಕಾಗಿಯೇ ಎಂದು ನಾವು ತಿಳಿಯುತ್ತೇವೆ.

ತಂದೆತಾಯಿಗಳು ಕೇಳಬಹುದು: ಪಟ್ಟಿಯು ಗುಪ್ತವಾದ ಮೇಲೆ ನಮಗೆ ಅದರಿಂದೇನು? ಗುಪ್ತವಾಗಿರಬೇಕಾದುದು ನ್ಯಾಯವೇ, ಬೀಗದ ಕೈ ಯಾವ ಮೊಳೆಯಲ್ಲಿದೆಯೆಂದು ಡಂಗುರ ಸಾರುವವರು ಯಾರೂ ಇಲ್ಲ. ಆದರೆ ಗುಟ್ಟನ್ನು ಕೇಳದೆಯೇ ಕೇಳಬಹುದಾದ ಪ್ರಶ್ನೆಗಳುಂಟು. ಪಟ್ಟಿಯನ್ನು ಕೊನೆಯ ಸಲ ಪರಿಶೀಲಿಸಿದ್ದು ಯಾವ ವರ್ಷ? ಎಲ್ಲಾ ಇಲಾಖೆಗಳವರೂ ಮೇಜಿನ ಬಳಿ ಕುಳಿತಿದ್ದರೇ? ಕೆಟ್ಟ ಕ್ಯಾಮರಾವನ್ನು ಎಷ್ಟು ದಿನಗಳೊಳಗೆ ದುರಸ್ತಿಮಾಡಬೇಕೆಂಬ ನಿಯಮವುಂಟೇ? ಶಾಸನಸಭೆಯ ಸದಸ್ಯರೂ ಲೋಕಸಭೆಯ ಸದಸ್ಯರೂ ಇವುಗಳನ್ನು ಕೇಳಿದರೆ ಯಾವ ಕಳ್ಳನಿಗೂ ಸಹಾಯವಾಗದು. ಕೈಗಾದ ಸುತ್ತಣ ಹಳ್ಳಿಗಳಲ್ಲಿ ಆಗಾಗ ನಡೆಸುವ ತುರ್ತುಪರಿಸ್ಥಿತಿಯ ಅಭ್ಯಾಸವನ್ನು ಕಂಡವರು ನಮ್ಮಲ್ಲಿರಬಹುದು. ಅದು ವಿಕಿರಣವು ಹೊರಬಂದ ಮೇಲೆ ಜನರನ್ನು ಕಾಪಾಡುವ ಅಭ್ಯಾಸ. ನಾವು ಹೇಳಿದ್ದು ಅದಕ್ಕೂ ಹಿಂದಿನ ಕೆಲಸ.

ತರಬೇತು ಮುಗಿಯುವ ದಿವಸ ಕಲ್ಪಿತ ದೇಶದ ಅಧಿಕಾರಿಗಳಾಗಿದ್ದವರು ತಮ್ಮ ಪಟ್ಟಿಯನ್ನು ಉಳಿದವರ ಮುಂದೆ ಓದಿ, ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಇವರನ್ನು ಯಾಕೆ ಸೇರಿಸಿದಿರಿ, ಅವರನ್ನು ಯಾಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಬಿಟ್ಟ ಹೆಸರಿಗೂ ಕಾರಣವನ್ನು ಬರೆದಿಟ್ಟಿರಬೇಕು. ಮುಂದಣ ಪರಿಶೀಲನೆಯು ಯಾವಾಗ, ಅದನ್ನು ಕರೆಯತಕ್ಕ ಅಧಿಕಾರಿ ಯಾರು, ಅಷ್ಟರೊಳಗೆ ಹೊಸ ಸಮಾಚಾರ ಬಂದರೆ ಯಾರಿಗೆ ತಿಳಿಸಬೇಕು ಎಂಬುದನ್ನೂ ಬರೆದು, ಸಹಿಹಾಕಿ ಒಪ್ಪಿಸಿ, ಅವರವರ ಊರಿಗೆ ಹೊರಡುತ್ತಾರೆ.